ಬೂಷ್ಟು ತಿಕ್ಕಿದ ರಾತ್ರಿ

ಮನೆ ಬೆಚ್ಚಗೆ ಮಾಡಿಕೊಡುವ ಗ್ರಾಂಟಿಗೆ ನಾವು ಹಾಕಿದ್ದ ಅರ್ಜಿಯ ಮೇಲೆ ಮನೆ ನೋಡಲು ಸರ್ವೇಯರ್ ಬರುತ್ತಾನೆ ಅಂತ ಹಿಂದಿನ ರಾತ್ರಿ ಹನ್ನೊಂದು ಗಂಟೆಯಲ್ಲಿ ನಾನು ಸ್ಟೂಲ್ ಹತ್ತಿ ಮಗಳ ಕೋಣೆಯ ಗೋಡೆ ತಿಕ್ಕುತ್ತಿದ್ದೆ. ಒಂದು ಕೈಯಲ್ಲಿ ಬ್ಲೀಚ್ ಸ್ಪ್ರೇ, ಇನ್ನೊಂದರಲ್ಲಿ ಹಳೇ ಟೂತ್‌ಬ್ರಷ್. ಕಿಟಕಿಯ ಮೂಲೆಯಲ್ಲಿ ಶುರುವಾದ ಕಪ್ಪು ಬೂಷ್ಟು ಮಂಚದ ತಲೆಭಾಗದವರೆಗೂ ಇಳಿದಿತ್ತು. ಸಾಗರದ ನಮ್ಮ ಮನೆಯಲ್ಲೂ ಮಳೆಗಾಲಕ್ಕೆ ಬೂಷ್ಟು ಹಿಡಿಯದ ವಸ್ತುವಿರಲಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೆ ಎಲ್ಲಕ್ಕೂ ಹಿಡಿಯುತ್ತಿತ್ತು. ಆದರೆ ಅದು ಬಿಸಿಲು ಬಂದರೆ ಹೋಗುವ ಬೂಷ್ಟು. ಇಂಗ್ಲೆಂಡಿನ ಈ ಲೆಸ್ಟರ್‌ನದು ಹಾಗಲ್ಲ. ಇಲ್ಲಿ ಬಿಸಿಲೇ ನೆಂಟರ ಹಾಗೆ ಬಂದು ಹೋಗುತ್ತದೆ.

ಬೆಳಗ್ಗೆ ಒಂಬತ್ತೂವರೆಗೆ ಹುಡುಗ ಬಂದ. ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಟ್ಯಾಬ್ಲೆಟ್ ಹಿಡಿದು, ಒಂದೊಂದೇ ಕೋಣೆ ಅಳೆದ. ಮಗಳ ಕೋಣೆಗೆ ಬಂದಾಗ, "ಥಂಡಿ, ಬೂಷ್ಟು ಏನಾದರೂ ಇದೆಯಾ?" ಅಂದ. "ಅಂಥದ್ದೇನಿಲ್ಲ" ಅಂತ ಹೆಮ್ಮೆಯಿಂದಲೇ ಗೋಡೆ ತೋರಿಸಿದೆ. ಅವನು ಒಮ್ಮೆ ಮೂಗೆಳೆದುಕೊಂಡು ನನ್ನ ಕಡೆ ನೋಡಿದ. ಕೋಣೆ ತುಂಬ ಬ್ಲೀಚ್ ವಾಸನೆ.

"ನಾನು ಫೋಟೋ ತೆಗೆಯಬೇಕಾಗಿದ್ದುದನ್ನೇ ನೀವು ತೊಳೆದುಬಿಟ್ಟಿದ್ದೀರಿ" ಅಂತ ನಕ್ಕ.

ತೇವ ಅಳೆಯುವ, ಎರಡು ಸೂಜಿ ಇರುವ ಪುಟ್ಟ ಯಂತ್ರವೊಂದನ್ನು ಗೋಡೆಗೆ ಒತ್ತಿದ. ಕೆಂಪು ದೀಪ ಹತ್ತಿ ಕೀಂ ಅಂತು. ಕಪಾಟನ್ನು ಪಕ್ಕಕ್ಕೆ ಎಳೆಯಬಹುದಾ ಅಂದ. ಇಬ್ಬರೂ ಸೇರಿ ಎಳೆದೆವು. ಪುಣ್ಯಕ್ಕೆ ಅದರ ಹಿಂದೆ ನನ್ನ ಕೈ ಎಟುಕಿರಲಿಲ್ಲ. ಅಲ್ಲಿತ್ತು ನೋಡಿ, ಭೂಪಟ. ಅವನು ಖುಷಿಯಿಂದಲೇ ಆರು ಫೋಟೋ ತೆಗೆದ. ನನಗೆ ಮಾತ್ರ ಯಾರೋ ಒಳಲಂಗ ಎಳೆದು ನೋಡಿದಷ್ಟು ನಾಚಿಕೆ.

ಇದು 2024ರ ಜನವರಿಯ ಮಾತು. ಆ ಮನೆ ನಾವು ಹತ್ತು ವರ್ಷದ ಹಿಂದೆ ಕೊಂಡದ್ದು. ಸಾಲಾಗಿ ನಿಂತ ಕೆಂಪು ಇಟ್ಟಿಗೆ ಮನೆಗಳಲ್ಲಿ ಒಂದು, ನೂರು ವರ್ಷ ದಾಟಿದ್ದು. ಕೊಂಡಾಗ ಸಿಕ್ಕ ಇಪಿಸಿ ಪತ್ರದಲ್ಲಿ ಇ ಅಂತ ಗ್ರೇಡ್ ಇತ್ತು. ಮನೆ ಎಷ್ಟು ಮಿತವಾಗಿ ಇಂಧನ ಬಳಸುತ್ತದೆ ಅಂತ ಎ ಇಂದ ಜಿ ವರೆಗೆ ಕೊಡುವ ಅಂಕಪಟ್ಟಿ ಅದು. ಇ ಅಂದರೆ ಎಕ್ಸಲೆಂಟ್ ಇರಬೇಕು ಅಂತ ನಮ್ಮ ಮನೆಯವರು ಆಗ ತಮಾಷೆ ಮಾಡಿದ್ದರು.

ಆಮೇಲೆ ತಮಾಷೆ ಮಾಡುವಷ್ಟು ಉಳಿಯಲಿಲ್ಲ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಇವರಿಗೆ ಬೆನ್ನು ಹಿಡಿದುಕೊಂಡಿತು, ವಾರಕ್ಕೆ ಮೂರೇ ದಿನ ಕೆಲಸ ಅಂತಾಯಿತು. ನಾನು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವವಳು. ಅದೇ ಹೊತ್ತಿಗೆ ಗ್ಯಾಸಿನ ದರವೂ ಏರಿತು. ಸಾಮಾನ್ಯ ಮನೆಯೊಂದರ ಗ್ಯಾಸು ಮತ್ತು ಕರೆಂಟಿಗೆ ವರ್ಷಕ್ಕೆ 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದ ದರಮಿತಿ, ಆ ಜನವರಿಗೆ 1,928 ಆಗಿತ್ತು. ನಮ್ಮದು ಮುಂಗಡ ದುಡ್ಡು ಹಾಕುವ ಮೀಟರು. ಮೂಲೆ ಅಂಗಡಿಗೆ ಹೋಗಿ ಮೀಟರಿನ ಕೀಗೆ ಹತ್ತು ಪೌಂಡ್ ತುಂಬಿಸಿಕೊಂಡು ಬರುವುದು, ಅದು ಕರಗುವುದನ್ನು ನೋಡುತ್ತ ಕೂರುವುದು. ಮನೆ ಬೆಚ್ಚಗಿಡುವ ಬಾಯ್ಲರಂತೂ ಎರಡು ದಿನ ನಡೆದರೆ ಮೂರು ದಿನ ಮುಷ್ಕರ. ಬಂದ ಮೆಕ್ಯಾನಿಕ್, ಇದರ ಬಿಡಿಭಾಗ ಈಗ ಸಿಗುವುದಿಲ್ಲ ಅಂತ ಕೈ ಚೆಲ್ಲಿದ. ಹಾಲ್‌ನಲ್ಲಿಟ್ಟ ಥರ್ಮಾಮೀಟರು ಬೆಳಗ್ಗೆ ಹನ್ನೆರಡು ಡಿಗ್ರಿ ತೋರಿಸುತ್ತಿತ್ತು. ಮನೆಯೊಳಗೆ ಕಡೇಪಕ್ಷ ಹದಿನೆಂಟು ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಿದ್ದೂ ಗ್ರಾಂಟ್ ಅಂದ ಕೂಡಲೇ ಇವರು ಮುಖ ತಿರುಗಿಸುತ್ತಿದ್ದರು. "ಬೇಡೋಕೆ ಬಂದಿಲ್ಲ ಈ ದೇಶಕ್ಕೆ" ಅನ್ನುವುದು ಅವರ ಒಂದೇ ಮಾತು. ನಾನೂ ಹೆಚ್ಚು ಒತ್ತಾಯ ಮಾಡಿರಲಿಲ್ಲ, ಸುಳ್ಳೇಕೆ. ಸಂಘದ ಯುಗಾದಿ ಊಟದಲ್ಲಿ ಯಾರಿಗಾದರೂ ಗೊತ್ತಾದರೆ ಅನ್ನುವ ಅಳುಕು ನನಗೆ ಅವರಿಗಿಂತ ಒಂದು ಕೈ ಜಾಸ್ತಿಯೇ ಇತ್ತು.

ನಮ್ಮಿಬ್ಬರ ಬಾಯಿ ಮುಚ್ಚಿಸಿದ್ದು ಪಕ್ಕದ ಮನೆಯ ಬಾ. ಗುಜರಾತಿ ಅಜ್ಜಿ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾ ಮೂಲದವರನ್ನು ಉಗಾಂಡಾದಿಂದ ಓಡಿಸಿದಾಗ, ಕಂಪಾಲಾದಿಂದ ಒಂದು ಸೂಟ್‌ಕೇಸ್ ಹಿಡಿದು ಬಂದವರು. ಆಗ ಲೆಸ್ಟರ್ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ನಮ್ಮ ಊರಿಗೆ ದಯವಿಟ್ಟು ಬರಬೇಡಿ ಅಂತ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಇದು ಕಥೆಯಲ್ಲ, ಚರಿತ್ರೆ. ಬಾ ನಮ್ಮ ಮನೆಗೆ ಬಂದು ಕೋಟು ಬಿಚ್ಚದೆಯೇ ಕೂತು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಬರಬೇಡಿ ಅಂತ ಪೇಪರಿನಲ್ಲಿ ಹಾಕಿಸಿದರು ಬೇಟಾ, ಆದರೂ ನಾವು ಬಂದೆವು. ನಿಮಗೆ ಬನ್ನಿ ಅಂತ ಫಾರಂ ಕೊಟ್ಟಿದ್ದಾರೆ, ನೀವು ನಾಚಿಕೊಂಡು ಕೂತಿದ್ದೀರಿ."

ಅವರ ಮೊಮ್ಮಗಳೇ ವಿಷಯ ಬಿಡಿಸಿ ಹೇಳಿದ್ದು. ಇಕೋ4 ಅಂತ ಒಂದು ಯೋಜನೆ. ದುಡ್ಡು ಸರ್ಕಾರದ ಖಜಾನೆಯಿಂದ ಬರುತ್ತಿದ್ದುದಲ್ಲ. ಬಡವರ ಮನೆ ಬೆಚ್ಚಗೆ ಮಾಡಿಕೊಡಿ ಅಂತ ಸರ್ಕಾರ ಗ್ಯಾಸು-ಕರೆಂಟು ಕಂಪನಿಗಳ ಮೇಲೆ ಕಾನೂನಿನ ಹೊಣೆ ಹೊರಿಸಿತ್ತು. ಕಂಪನಿಗಳು ಆ ಖರ್ಚನ್ನು ಎಲ್ಲರ ಬಿಲ್ಲಿಗೂ ಹಂಚುತ್ತಿದ್ದವು. 2013ರಿಂದ ಒಂದಲ್ಲ ಒಂದು ರೂಪದಲ್ಲಿ ಇದು ನಡೆದು ಬಂದಿತ್ತು. ಅಂದರೆ ನಾವು ಕೀಗೆ ತುಂಬಿಸಿದ ಪ್ರತಿ ಹತ್ತು ಪೌಂಡಿನಲ್ಲೂ ಇದರ ಪಾಲು ಇಷ್ಟಿಷ್ಟು ಹೋಗುತ್ತಲೇ ಇತ್ತು.

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ಚೀಟಿ ದುಡ್ಡು" ಅಂದರು. "ಹತ್ತು ವರ್ಷ ಕಂತು ಕಟ್ಟಿದ್ದೀವಿ. ಈಗ ನಮ್ಮ ಸರದಿ, ಎತ್ತಿಕೊಳ್ಳೋದು."

ಬೆನಿಫಿಟ್, ಅಂದರೆ ಸರ್ಕಾರದ ಸಹಾಯಧನ, ತೆಗೆದುಕೊಳ್ಳದವರಿಗೂ ಒಂದು ದಾರಿ ಇತ್ತು. ಮನೆಯ ಒಟ್ಟು ವರಮಾನ ತೆರಿಗೆಗೆ ಮುಂಚೆ ವರ್ಷಕ್ಕೆ 31,000 ಪೌಂಡಿಗಿಂತ ಕಡಿಮೆಯಿದ್ದರೆ ಕೌನ್ಸಿಲ್ ಶಿಫಾರಸು ಮಾಡಬಹುದಿತ್ತು. ಮನೆಯಲ್ಲಿ ಎದೆಯ, ಉಸಿರಿನ ಕಾಯಿಲೆಯವರಿದ್ದರೆ ಅದಕ್ಕೂ ಬೇರೆ ದಾರಿ ಇತ್ತು. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಮನೆಸಾಲದ ಕಾಗದ. ಒಂದು ಭಾನುವಾರ ಪೂರ್ತಿ ಕಂಬಳಿ ಹೊದ್ದು ಅಡುಗೆಮನೆ ಮೇಜಿನ ಮೇಲೆ ಇವನ್ನೆಲ್ಲ ಹರಡಿಕೊಂಡು ಕೂತೆವು. ಇಂಗ್ಲಿಷು ಸರಾಗವಾಗಿ ಓದುವ ನಮಗೇ ನಾಲ್ಕು ಸಲ ತಪ್ಪಾಯಿತು. ಬಾ ಒಬ್ಬರೇ ಆಗಿದ್ದರೆ?

ಇದಕ್ಕೆ ಮುಂಚೆ ಒಮ್ಮೆ ಮೋಸ ಹೋಗುವುದರಲ್ಲಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ಬಾಗಿಲಿಗೇ ಒಬ್ಬ ಬಂದಿದ್ದ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು. ಬಾಯ್ಲರ್ ಪೂರ್ತಿ ಉಚಿತ, ಸರ್ವೇ ಬುಕ್ ಮಾಡುವುದಕ್ಕೆ ಮಾತ್ರ 99 ಪೌಂಡ್ ಅಂದ. ಪರ್ಸ್ ತರಲು ಒಳಗೆ ಹೋದವಳು, ಪರ್ಸಿನಲ್ಲಿ ಅಷ್ಟು ಇಲ್ಲದ್ದರಿಂದ ಬಚಾವಾದೆ. ಆಮೇಲೆ ಕೌನ್ಸಿಲಿನ ಹೆಂಗಸು ಫೋನಿನಲ್ಲಿ ಹೇಳಿದ್ದು ಇಷ್ಟೇ: ಸರ್ವೇಗೆ ಮುಂಗಡ ಕೇಳಿದರೆ ಬಾಗಿಲು ಹಾಕಿ, ಮಿಕ್ಕವರ ಹೆಸರು ಸರ್ಕಾರದ ಮನ್ನಣೆ ಇರುವ ಟ್ರಸ್ಟ್‌ಮಾರ್ಕ್ ಪಟ್ಟಿಯಲ್ಲಿದೆಯಾ ನೋಡಿ.

ಮತ್ತೆ ಆ ಹುಡುಗನ ಮಾತಿಗೆ ಬರುತ್ತೇನೆ. ಹೊರಡುವ ಮುಂಚೆ ನನ್ನನ್ನು ಬೀದಿಗೆ ಕರೆದು ನಮ್ಮದೇ ಗೋಡೆ ತೋರಿಸಿದ. "ಇಟ್ಟಿಗೆ ನೋಡಿ. ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಗಿಡ್ಡದ್ದು ಗೋಡೆಗೆ ಅಡ್ಡಲಾಗಿ ಒಳಗಿನವರೆಗೂ ಹೋಗಿದೆ. ಅಂದರೆ ಇದು ಗಟ್ಟಿ ಗೋಡೆ, ನಡುವೆ ಟೊಳ್ಳಿಲ್ಲ." ಟೊಳ್ಳಿದ್ದರೆ ಹೊರಗಿನಿಂದ ರಂಧ್ರ ಕೊರೆದು ತುಂಬಿಸಿ ಒಂದೇ ದಿನದಲ್ಲಿ ಮುಗಿಸುತ್ತಾರಂತೆ. ನಮ್ಮದಕ್ಕೆ ಒಳಗಡೆಯೇ ಹಲಗೆ ಹೊಡೆಯಬೇಕು. ಹತ್ತು ವರ್ಷ ಆ ಗೋಡೆಯ ಮುಂದೆ ಓಡಾಡಿದ್ದೇನೆ, ಇಟ್ಟಿಗೆಗೂ ಅಕ್ಷರ ಇರುತ್ತದೆ ಅಂತ ಗೊತ್ತಿರಲಿಲ್ಲ. ಈಗ ಬಸ್ಸಿನಲ್ಲಿ ಕೂತರೂ ಅದನ್ನೇ ಓದುತ್ತಿರುತ್ತೇನೆ.

ಇನ್ನೊಂದು ವಿಷಯವನ್ನೂ ಅವನು ನೇರವಾಗಿಯೇ ಹೇಳಿದ. ಬೂಷ್ಟು ಹೊರಗಿನ ಮಳೆಯಿಂದಲ್ಲ, ನಿಮ್ಮಿಂದಲೇ. ನಾಲ್ಕು ಜನರ ಉಸಿರು, ಕುಕ್ಕರಿನ ಹಬೆ, ರೇಡಿಯೇಟರ್ ಮೇಲೆ ಒಣಗಿಸುವ ಬಟ್ಟೆ, ಎಲ್ಲ ಹೋಗಿ ಅತಿ ತಣ್ಣಗಿರುವ ಗೋಡೆಗೆ ನೀರಾಗಿ ಕೂರುತ್ತದೆ. ಚಳಿಗೆ ಹೆದರಿ ಕಿಟಕಿಯ ಸಂದಿಗೆಲ್ಲ ಟೇಪ್ ಹಚ್ಚಿದವರೂ ನಾವೇ.

ಕೆಲಸ ಶುರುವಾಗಿದ್ದು ಏಪ್ರಿಲ್‌ನಲ್ಲಿ, ಚಳಿ ಮುಗಿದ ಮೇಲೆ. ಇ ಗ್ರೇಡಿನ ಮನೆಯನ್ನು ಸಿ ಗೆ ತಲುಪಿಸಲೇಬೇಕು ಅನ್ನುವುದು ಯೋಜನೆಯ ನಿಯಮವಾಗಿತ್ತು, ಹಾಗಾಗಿ ಬರೀ ಬಾಯ್ಲರ್ ಬದಲಿಸಿ ಹೋಗುವಂತಿರಲಿಲ್ಲ. ಅಟ್ಟದಲ್ಲಿ ಹಳೆಯ ತೆಳು ಹಾಸನ್ನು ಮುಚ್ಚುವಂತೆ 270 ಮಿಲಿಮೀಟರ್ ದಪ್ಪಕ್ಕೆ ಉಣ್ಣೆಯಂಥದ್ದನ್ನು ಹಾಸಿದರು. ಹೊರಗೋಡೆಗಳ ಒಳಮೈಗೆ ಹಲಗೆ ಹೊಡೆದರು. ನಾಲ್ಕು ಬೆರಳಗಲ ಕೋಣೆ ಚಿಕ್ಕದಾಯಿತು, ದೇವರ ಗೂಡು ಪೂರ್ವದ ಗೋಡೆ ಬಿಟ್ಟು ಮೆಟ್ಟಿಲ ಪಕ್ಕಕ್ಕೆ ಬಂತು. ಅಡುಗೆಮನೆಗೂ ಬಚ್ಚಲಿಗೂ ಫ್ಯಾನು, ಕಿಟಕಿಗಳ ಮೇಲೆ ಗಾಳಿ ಕಿಂಡಿ. ಇವರಿಗೆ ಆ ಕಿಂಡಿ ಕಂಡರೆ ಆಗುತ್ತಿರಲಿಲ್ಲ. "ಬೆಚ್ಚಗೆ ಮಾಡಿಕೊಡ್ತೀವಿ ಅಂತ ಬಂದು ತೂತು ಕೊರೆದು ಹೋದರಲ್ಲ" ಅಂತ ಮೊದಲ ರಾತ್ರಿಯೇ ಅದಕ್ಕೆ ಟೇಪ್ ಹಚ್ಚಿದರು. ಬೆಳಗ್ಗೆ ನಾನು ಕಿತ್ತೆ.

ಕೆಲಸ ಎಲ್ಲ ಚೆನ್ನಾಗಿಯೇ ಆಯಿತು ಅನ್ನುವ ಹಾಗಿಲ್ಲ. ಸ್ವಿಚ್‌ಬೋರ್ಡೊಂದು ಸೊಟ್ಟಗೆ ಕೂತಿತು, ಗೋಡೆಯ ಬುಡದ ಪಟ್ಟಿ ಹಾಕದೇ ಹೋದರು. ಫೋನ್ ಮಾಡಿ ಮಾಡಿ ಆರು ವಾರವಾದ ಮೇಲೆ ಒಬ್ಬ ಬಂದ. 2025ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂದಾಗ ನನಗೆ ನಿದ್ದೆ ಬರಲಿಲ್ಲ. ಇಂಥ ಯೋಜನೆಗಳಲ್ಲಿ ಮನೆಯ ಹೊರಮೈಗೆ ಹೊದಿಕೆ ಹಾಕಿದ ಕೆಲಸಗಳಲ್ಲಿ 98 ಶೇಕಡಾ ದೊಡ್ಡ ದೋಷ, ಒಳಮೈಯದರಲ್ಲಿ 29 ಶೇಕಡಾ. ರಾತ್ರೋರಾತ್ರಿ ಎದ್ದು ಮಗಳ ಕಪಾಟು ಎಳೆದು ಟಾರ್ಚ್ ಬಿಟ್ಟು ನೋಡಿದೆ. ಗೋಡೆ ಒಣಗಿತ್ತು. ಮುಟ್ಟಿ, ಮೂಸಿ ನೋಡಿದೆ. "ಅಮ್ಮಾ, ನಿದ್ದೆ ಮಾಡೋಕೆ ಬಿಡ್ತೀಯಾ?" ಅಂತ ಬೈಸಿಕೊಂಡೆ. ಈಗಲೂ ತಿಂಗಳಿಗೊಮ್ಮೆ ಎಳೆದು ನೋಡುತ್ತೇನೆ.

ಬಾಯ್ಲರ್ ಬದಲಿಸಿದ ದಿನದ ಕಥೆಯೊಂದು ಉಳಿಯಿತು. ಹಳೇ ಬಾಯ್ಲರಿಗೆ ಬಿಸಿನೀರಿನ ದೊಡ್ಡ ತಾಮ್ರದ ಹಂಡೆ ಇತ್ತು, ಮಹಡಿಯ ಗೂಡಿನೊಳಗೆ. ಆ ಮನೆಯಲ್ಲಿ ಒಂದಿಷ್ಟಾದರೂ ಬೆಚ್ಚಗಿದ್ದ ಜಾಗ ಅದೊಂದೇ, ಊರಿನ ಬಚ್ಚಲೊಲೆಯ ಪಕ್ಕದ ಹಾಗೆ. ಹತ್ತು ವರ್ಷದಿಂದ ನನ್ನ ದೋಸೆಹಿಟ್ಟು ಅಲ್ಲೇ ಉಬ್ಬುತ್ತಿದ್ದುದು. ಹೊಸ ಬಾಯ್ಲರ್ ನೀರನ್ನು ಬೇಕಾದಾಗ ಮಾತ್ರ ಕಾಯಿಸುತ್ತದೆ, ಹಂಡೆ ಬೇಡ ಅಂತ ಕಿತ್ತು ಹಾಕಲು ಗೂಡಿನ ಬಾಗಿಲು ತೆಗೆದ ಫಿಟ್ಟರ್ ಮೇಲಿಂದಲೇ ಕೂಗಿದ. ಓಡಿಹೋದೆ. ಹಳೇ ಶಾಲಿನಲ್ಲಿ ಸುತ್ತಿದ್ದ ನನ್ನ ಸ್ಟೀಲ್ ಪಾತ್ರೆ ಅವನ ಕೈಯಲ್ಲಿ. ಮುಚ್ಚಳ ಎತ್ತಿ ನೋಡಿದ್ದಾನೆ, ಹಿಟ್ಟು ಗುಳುಗುಳು ಅನ್ನುತ್ತಿದೆ. "ಇದಕ್ಕೆ ಜೀವ ಇದೆಯಾ?" ಅಂದ.

ಮನೆಯೆಲ್ಲ ಹದಿನೆಂಟು ಡಿಗ್ರಿ ಆಯಿತು, ನಿಜ. ದೋಸೆಹಿಟ್ಟಿಗೆ ಅದು ಸಾಲದು. ಓವನ್ ಒಳಗಿಟ್ಟು ಬರೀ ಲೈಟ್ ಹಾಕಿಟ್ಟರೆ ಉಬ್ಬುತ್ತದೆ ಅಂತ ಯಾರೋ ಹೇಳಿದರು. ಶನಿವಾರ ರಾತ್ರಿ ಹಾಗೇ ಇಟ್ಟು ಮಲಗಿದೆ. ನಡುರಾತ್ರಿ ನೀರು ಕುಡಿಯಲು ಎದ್ದ ಇವರು, ಅಯ್ಯೋ ಕರೆಂಟು ದಂಡ ಅಂತ ಲೈಟ್ ಆರಿಸಿ ಬಂದು ಮಲಗಿದ್ದಾರೆ. ಭಾನುವಾರ ತಿಂಡಿಗೆ ಅವಲಕ್ಕಿ ಒಗ್ಗರಣೆ.