ನಾಲ್ಕು ಜ್ವರ

ಎಂಟನೇ ಕ್ಲಾಸಿನವರೆಗೂ ನಾನು ಶಾಲೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಹಾಜರಿ ಕೂಗುವಾಗ ಮಾತ್ರ. ‘ಪ್ರೆಸೆಂಟ್ ಸಾರ್’ ಅಂದರೆ ಅವತ್ತಿನ ಮಾತು ಮುಗಿಯಿತು. ಉತ್ತರ ಗೊತ್ತಿರುತ್ತಿತ್ತು. ಹೇಳುವ ಧೈರ್ಯ ಇರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಆಡುವುದು ತೆಲುಗು. ಶಿಡ್ಲಘಟ್ಟದ ಕಡೆಯವರಿಗೆ ಇದೇನು ಹೊಸದಲ್ಲ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಪಕ್ಕದ ಮೊಹಲ್ಲಾಕ್ಕೆ ಹೋದರೆ ಉರ್ದು. ಎಲ್ಲರೂ ಹೇಗೋ ಸಂಭಾಳಿಸುತ್ತಾರೆ. ನನ್ನ ಕನ್ನಡದಲ್ಲಿ ಮಾತ್ರ ತೆಲುಗು ಜಾಸ್ತಿ ಇಣುಕುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಒಂದು ಪಾಠ ಗಟ್ಟಿಯಾಗಿ ಓದುವಾಗ ಇಡೀ ಕ್ಲಾಸು ನಕ್ಕಿತು. ಅವತ್ತು ಮುಚ್ಚಿದ ಬಾಯಿ ನಾಲ್ಕು ವರ್ಷ ಮುಚ್ಚಿಯೇ ಇತ್ತು.

1991ರ ಮಾತು. ಆಗ ನಮ್ಮ ತಾಲ್ಲೂಕು ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ನಮ್ಮ ವಿಜ್ಞಾನದ ಸರ್ ಬೇರೆ ಕಡೆಯಿಂದ ವರ್ಗವಾಗಿ ಹೊಸದಾಗಿ ಬಂದಿದ್ದರು. ಅವರ ಊರಿನಲ್ಲಿ ರೇಷ್ಮೆ ಇರಲಿಲ್ಲ. ಅವತ್ತು ಪಾಠ ಮಾಡುತ್ತಾ, ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ಮೂರು ಸಲ ಪೊರೆ ಬಿಡುತ್ತದೆ ಅಂತ ಹೇಳಿ, ಬೋರ್ಡಿನ ಮೇಲೆ 3 ಅಂತ ಬರೆದರು.

ನನ್ನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು. ‘ನಾಲ್ಗು ಜ್ವರಾಲು ಸಾರ್.’

ಪೂರಾ ತೆಲುಗು. ಕ್ಲಾಸು ಮತ್ತೆ ನಕ್ಕಿತು. ಹುಳು ಮೇಯಿಸದ ಮನೆಯ ಹುಡುಗರಿಗೆ ‘ಜ್ವರ’ ಅನ್ನುವುದೇ ತಮಾಷೆ, ಹುಳಕ್ಕೆಲ್ಲಿಯ ಜ್ವರ ಅಂತ. ನನಗೆ ಬೆಂಚಿನ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು. ಸರ್ ನಗಲಿಲ್ಲ, ರೇಗಲೂ ಇಲ್ಲ. ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತಿತ್ತು. ‘ಏನು ಜ್ವರ? ಪೂರ್ತಿ ಹೇಳಮ್ಮ. ಯಾವ ಭಾಷೆಯಲ್ಲಾದರೂ ಹೇಳು’ ಅಂದರು. ಆಮೇಲೆ ಕಾದರು. ಇದನ್ನೇ ನಾನು ಇವತ್ತಿಗೂ ನೆನೆಯುವುದು. ನಗು ನಿಲ್ಲುವವರೆಗೂ ಕಾದರು, ನನಗೆ ಉಸಿರು ಬರುವವರೆಗೂ ಕಾದರು.

ಹೇಳಿದೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದು ನಿಲ್ಲಿಸುತ್ತೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ, ಅದಕ್ಕೇ ನಾವು ಜ್ವರ ಅನ್ನೋದು, ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಲಿ ಅಂತ ಸುಣ್ಣ ಉದುರಿಸಬೇಕು, ಹೀಗೆ ನಾಲ್ಕು ಸಲ, ನಾಲ್ಕನೇ ಜ್ವರ ಎದ್ದಮೇಲೆ ಒಂದು ವಾರ ಹಗಲು ರಾತ್ರಿ ತಿನ್ನುತ್ತೆ, ಆಮೇಲೆ ಹಣ್ಣಾಗುತ್ತೆ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಷ್ಟುದ್ದ ಮಾತನ್ನು ನಾನು ಶಾಲೆಯಲ್ಲಿ ಅದುವರೆಗೆ ಆಡಿರಲಿಲ್ಲ. ಸರ್ ತಿರುಗಿ 3 ಅಳಿಸಿ 4 ಬರೆದರು.

ಹಿಂದಿನ ಬೆಂಚಿನಿಂದ ಇನ್ನೊಂದು ದನಿ ಬಂತು. ಗೂಡಿನಿಂದ ನೂಲು ತೆಗೆಯುವ ಫಿಲೇಚರ್ ಮನೆಯ ಹುಡುಗಿ, ನನಗಿಂತ ಮೌನಿ. ‘ಸಾರ್, ಚಿಟ್ಟೆ ಆಚೆ ಬರೋಕೆ ಬಿಡಲ್ಲ. ಗೂಡು ತೂತಾದ್ರೆ ನೂಲು ತುಂಡಾಗುತ್ತೆ. ಅದಕ್ಕೆ ಮುಂಚೇನೇ ಬಿಸಿನೀರಲ್ಲಿ ಹಾಕ್ತಾರೆ.’ ಅವಳ ಕನ್ನಡದಲ್ಲಿ ಉರ್ದು ಇತ್ತು. ಈ ಸಲ ಯಾರೂ ನಗಲಿಲ್ಲ. ಆ ಪಿರಿಯಡ್ಡು ಮುಗಿಯುವಷ್ಟರಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುವುದು ಹೇಗೆ ಅಂತ ಒಬ್ಬ, ಊಜಿ ನೊಣ ಹುಳದ ಮೇಲೆ ಮೊಟ್ಟೆ ಇಡುವುದು ಹೇಗೆ ಅಂತ ಇನ್ನೊಬ್ಬ ಹೇಳಿದ್ದರು.

ಮುಂದಿನ ಭಾನುವಾರ ಸರ್ ಸೈಕಲ್ ಹತ್ತಿ ನಮ್ಮ ಊರಿಗೇ ಬಂದರು. ಅವತ್ತು ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಬಾಗಿಲಲ್ಲಿ ಕಾಲು ತೊಳೆದು, ಬಿದಿರಿನ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಭೂತಗನ್ನಡಿ ಹಿಡಿದರು. ‘ಮುಟ್ಟಬೇಡಿ ಸಾರ್, ಈಗ ಅದರ ಪಾಡಿಗೆ ಬಿಡಬೇಕು’ ಅಂದ ಅಪ್ಪ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಒಂದು ಹುಳದ ತಲೆಯ ಹಳೇ ಚಿಪ್ಪು ಮುಂದಕ್ಕೆ ಜಾರಿ, ಸಣ್ಣ ಕಂದು ಟೋಪಿಯ ಹಾಗೆ ಕಳಚಿ ಬಿತ್ತು. ಒಳಗಿನಿಂದ ಅದಕ್ಕಿಂತ ದೊಡ್ಡ, ಬಿಳಿಚಿಕೊಂಡ ಹೊಸ ತಲೆ. ಆಮೇಲೆ ಮೈ ಅಲೆ ಅಲೆಯಾಗಿ ಮುಂದೆ ಸರಿಯಿತು. ಹಳೇ ಪೊರೆ ಸುಕ್ಕುಗಟ್ಟಿ ಹಿಂದೆಯೇ ಉಳಿಯಿತು. ಹೊರಗೆ ಬಂದ ಹುಳು ತಕ್ಷಣ ತಿನ್ನಲಿಲ್ಲ. ಸುಸ್ತಾದವರ ಹಾಗೆ ಸುಮ್ನೆ ಬಿದ್ದುಕೊಂಡಿತ್ತು. ಹುಳುವಿನ ಮನೆಯಲ್ಲೇ ಹುಟ್ಟಿ ಬೆಳೆದ ನಾನೂ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಸರ್ ಆಗಾಗ ಹೆಚ್. ನರಸಿಂಹಯ್ಯನವರ ವಿಷಯ ಹೇಳುತ್ತಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಬಡತನದ ಮನೆ. ಓದುವುದಕ್ಕೆ ಊರಿಂದ ಬೆಂಗಳೂರಿಗೆ ನಡೆದೇ ಹೋದವರು. 1942ರ ಚಳವಳಿಯಲ್ಲಿ ಜೈಲು ಸೇರಿ, ಆಮೇಲೆ ಓದು ಮುಂದುವರಿಸಿ, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಎದುರಿಗಿರುವವರು ಎಷ್ಟು ದೊಡ್ಡವರು ಅಂತ ನೋಡಲಿಲ್ಲ. ನಮ್ಮ ಕಡೆಯ ಮಣ್ಣಿನವರು ಹೀಗೂ ಇರಬಹುದಾ ಅಂತ ನನಗೆ ಆಶ್ಚರ್ಯ. ಆದರೆ ನನ್ನ ಪ್ರಶ್ನೆ ಅಷ್ಟು ದೊಡ್ಡದಾಗಿರಲಿಲ್ಲ. ಅದು ನಮ್ಮ ಹುಳುಮನೆಯ ಬಾಗಿಲಲ್ಲೇ ಇತ್ತು.

ಹೊರಗಾದ ಹೆಂಗಸರು ಹುಳುಮನೆಗೆ ಕಾಲಿಡುವಂತಿರಲಿಲ್ಲ. ಕಾಲಿಟ್ಟರೆ ಬೆಳೆ ಕೆಡುತ್ತದೆ ಅಂತ ನಂಬಿಕೆ. ಹಾಲು ರೋಗ ಬಂದರೂ ಸುಣ್ಣಕಟ್ಟು ರೋಗ ಬಂದರೂ ಅಜ್ಜಿ ಮೊದಲು ನೋಡುತ್ತಿದ್ದದ್ದು ಮನೆಯ ಹೆಣ್ಣುಮಕ್ಕಳ ಮುಖವನ್ನು. ಶಾಲೆಯಲ್ಲಿ ಬಾಯಿ ಬಿಡಲು ಕಲಿತಿದ್ದ ನಾನು ಅಜ್ಜಿಯ ಮುಂದೆ ಮಾತ್ರ ಹಳೇ ಹುಡುಗಿಯೇ.

ಮೊದಲನೇ ಪಿಯುಸಿಯಲ್ಲಿದ್ದೆ. ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. 100 ಮೊಟ್ಟೆಯ ಬೆಳೆ. ಒಂದು ಚಿಟ್ಟೆ ಇಟ್ಟಷ್ಟೂ ಸೇರಿ ಒಂದು ಮೊಟ್ಟೆ ಅನ್ನುವ ಲೆಕ್ಕ, ಹಾಗಾಗಿ 40 ಸಾವಿರದ ಮೇಲೆ ಹುಳು. ಅವತ್ತು ಅಪ್ಪ, ಅಣ್ಣ, ಅಜ್ಜಿ ಯಾರೂ ಊರಲ್ಲಿರಲಿಲ್ಲ, ನೆಂಟರ ಮನೆಯ ಸಾವಿಗೆ ಚಿಂತಾಮಣಿಗೆ ಹೋಗಿದ್ದರು. ಅಮ್ಮನಿಗೆ ನಿಜವಾದ ಜ್ವರ, ಏಳಲು ಆಗದಷ್ಟು. ನಾನು ಹೊರಗಾಗಿದ್ದೆ. ರಾತ್ರಿ ಹತ್ತಾಯಿತು. ಹಸಿದ ಹುಳು ತಟ್ಟೆಯ ಅಂಚಿನಲ್ಲಿ ತಲೆ ಎತ್ತಿ ಆಡಿಸುತ್ತಿರುವುದು ಬಾಗಿಲಿಂದಲೇ ಕಾಣುತ್ತಿತ್ತು. ಒಳಗೆ ಹೋದೆ. ಒಂದೊಂದೇ ತಟ್ಟೆ ಇಳಿಸಿ ಸೊಪ್ಪು ಹಾಕಿದೆ. ಕೈ ನಡುಗುತ್ತಿತ್ತು. ಅಷ್ಟು ವಿಜ್ಞಾನ ಓದಿಯೂ ನಡುಗುತ್ತಿತ್ತು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಒಂದು ಹುಳು ಸತ್ತಿದ್ದು ಕಂಡರೂ ಎದೆ ಧಸಕ್ ಅನ್ನುತ್ತಿತ್ತು. ಬೆಳೆ ಚೆನ್ನಾಗಿಯೇ ಬಂತು. ಅಪ್ಪ ಮಾರುಕಟ್ಟೆಯಿಂದ ಖುಷಿಯಾಗಿ ಬಂದ ದಿನ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮುದ್ದೆ ಕಟ್ಟಿ ಇಟ್ಟಮೇಲೆ, ‘ಅಜ್ಜಿಗೆ ಹೇಳಬೇಡ’ ಅಂದಳು. ಅಷ್ಟೇ.

ಒಂದು ಬೆಳೆ ಬಂದ ಮಾತ್ರಕ್ಕೆ ಏನೂ ಸಾಬೀತಾಗಲ್ಲ, ಮತ್ತೆ ಮತ್ತೆ ನೋಡಬೇಕು ಅಂತ ಸರ್ ಹೇಳುತ್ತಿದ್ದರು. ಆ ಪಾಠ ಕೇಳದ ಅಮ್ಮ ಅದನ್ನೇ ಮಾಡಿದ್ದಳು. ಆಮೇಲಿನ ಬೆಳೆಗಳಲ್ಲಿ ತಾನೇ ಯಾರಿಗೂ ಹೇಳದೆ ಒಳಗೆ ಹೋಗಿ ಬಂದಿದ್ದಾಳೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಒಂದೂವರೆ ವರ್ಷ ಆದಮೇಲೆ ಒಂದು ದಿನ ಅಜ್ಜಿ ನನ್ನನ್ನು ಬಾಗಿಲಲ್ಲಿ ತಡೆದಾಗ ಅಮ್ಮ ಒಳಗಿನಿಂದಲೇ ಅಂದಳು: ‘ಬಿಡು ಅತ್ತೆ, ಹೋಗಲಿ. ನಾನು ಐದು ಬೆಳೆ ನೋಡಿದ್ದೀನಿ.’ ನನಗೆ ಗೊತ್ತಿರುವ ಧೈರ್ಯದ ಮಾತುಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಅಜ್ಜಿ ಒಂದು ವಾರ ಅಮ್ಮನ ಹತ್ತಿರ ಮಾತು ಬಿಟ್ಟಿದ್ದಳು. ಆದರೆ ತಡೆಯುವುದನ್ನೂ ಬಿಟ್ಟಳು.

ಆಮೇಲೆ ಬೆಂಗಳೂರು, ಡಿಗ್ರಿ, ಕೆಲಸ. ಅಲ್ಲಿ ನಾನು ಬೇರೆಯೇ ಆದೆ. ಮನಸ್ಸಿಗೆ ಬಂದದ್ದನ್ನು ಬಂದ ಹಾಗೇ ಹೇಳಿಬಿಡುವುದೇ ನನ್ನತನ ಅಂದುಕೊಂಡಿದ್ದೆ. ಒಮ್ಮೆ ಜೊತೆಗೆ ಕೆಲಸ ಮಾಡುವ ಹುಡುಗಿಗೆ ಎಲ್ಲರೆದುರು ಅವಳ ತಪ್ಪು ಎತ್ತಿ ಹೇಳಿದೆ. ನಾನು ಹೇಳಿದ್ದು ನಿಜವೇ ಆಗಿತ್ತು. ಅವಳು ಮರುದಿನದಿಂದ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ನಾಲ್ಕನೇ ಕ್ಲಾಸಿನ ನನ್ನದೇ ಮುಖ. ಅವಳ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆದರೂ ಅವಳ ದನಿ ವಾಪಸ್ ಬರಲು ತಿಂಗಳುಗಳೇ ಬೇಕಾದವು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಣ್ಣನ ಮಗಳು ಈಗ ನಮ್ಮ ಶಾಲೆಯಲ್ಲೇ ಎಂಟನೇ ಕ್ಲಾಸು. ಈ ಕತೆಯನ್ನೆಲ್ಲ ಅವಳಿಗೆ ಹೇಳಿ, ‘ಹುಳಕ್ಕೆ ಎಷ್ಟು ಜ್ವರ ಹೇಳು ನೋಡೋಣ’ ಅಂದೆ.

‘ಎರಡು’ ಅಂದಳು.

ನಾಲ್ಕು ಅನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ತಡೆದುಕೊಂಡೆ. ‘ಹೇಗೆ? ಪೂರ್ತಿ ಹೇಳಮ್ಮ’ ಅಂದೆ.

‘ನಿಮ್ಮ ಕಾಲದ ಹಾಗೆ ಈಗ ಮನೇಲಿ ಚಾಕಿ ಮಾಡಲ್ಲ ಅತ್ತೆ, ಮರಿಹುಳ ಸಾಕಲ್ಲ. ಎರಡು ಜ್ವರ ಎದ್ದಮೇಲೆ ಚಾಕಿ ಸೆಂಟರಿಂದ ಹುಳ ತರ್ತೀವಿ. ನಾನು ನೋಡಿರೋದು ಎರಡೇ. ಇನ್ನೆರಡು ಅಲ್ಲಿ ಆಗುತ್ತಂತೆ. ಅದನ್ನ ನಾನು ನೋಡಿಲ್ಲ, ಅದಕ್ಕೇ ಎರಡು ಅಂದೆ. ಬನ್ನಿ ಇಲ್ಲಿ, ಈಗ ಚಂದ್ರಿಕೆ ಬದಲು ಏನಿಟ್ಟಿದ್ದೀವಿ ತೋರಿಸ್ತೀನಿ’ ಅಂತ ಕೈ ಹಿಡಿದು ಹುಳುಮನೆಯ ಒಳಗೆ ಕರೆದುಕೊಂಡು ಹೋದಳು.