ಬೀಳೋ ಅಭ್ಯಾಸ: ಐದನೇ ವಾರ

ಗಣಪತಿ ಹಬ್ಬಕ್ಕೆ ನಮ್ಮೂರ ಪೆಂಡಾಲಿನಲ್ಲಿ ಆರು ನಿಮಿಷದ ಮೂಕ ಪ್ರಹಸನ. ನಾನು ಹೋಟೆಲ್ ಮಾಣಿ. ಬಲಗೈಲಿ ಕಾಫಿ ಲೋಟದ ತಟ್ಟೆ ಹಿಡ್ಕೊಂಡು ಬರ್ತೀನಿ, ಆಗಷ್ಟೇ ಒರೆಸಿದ ನೆಲದಲ್ಲಿ ಜಾರ್ತೀನಿ. ಕಥೆ ಇಷ್ಟೇ. ಕೊಪ್ಪದಲ್ಲಿ ಮಳೆ ಹಿಡಿದು ಕೂತಿದೆ, ಕಾಫಿ ಕಣದ ತುಂಬ ಪಾಚಿ. ನಿಜವಾಗ್ಲೂ ಜಾರೋ ಕಡೆ ಜಾರೋದು ಕಲಿಯೋಕಾಗಲ್ಲ. ಅದಕ್ಕೇ ಗೋಡೌನಿನಲ್ಲಿ, ನಾಲ್ಕು ಪದರ ಗೋಣಿಚೀಲ ಹಾಸ್ಕೊಂಡು ಅಭ್ಯಾಸ.

ಕಳೆದ ವಾರದವರೆಗೂ ಬರೀ ಬೀಳೋ ಪಾಠ. ಗದ್ದ ಎದೆಗೆ ಒತ್ತಿರಬೇಕು, ಇಲ್ಲಾಂದ್ರೆ ಹಿಂದಲೆ ನೆಲಕ್ಕೆ. ಬೀಳುವಾಗ ಕೈ ತಾನಾಗೇ ಊರೋಕೆ ಹೋಗುತ್ತೆ, ಮಣಿಕಟ್ಟು ಮುರಿಯೋದು ಅಲ್ಲೇ. ಮೈ ತಗ್ಗಿಸಿ, ಒಂದು ಪಕ್ಕದ ಕುಂಡಿ ಮೇಲೆ ಕೂತು, ಬೆನ್ನು ಉರುಳಿಸಬೇಕು. ನಾನು ಎರಡನೇ ವಾರ ಬೆನ್ನುಮೂಳೆ ತುದಿ ಮೇಲೇ ಕೂತೆ; ಚಿಕ್ಕಮಗಳೂರಿಗೆ ಬಸ್ಸಲ್ಲಿ ಸೀಟಿದ್ರೂ ನಿಂತೇ ಹೋಗಬೇಕಾಯ್ತು. ಬೆನ್ನು ತಾಗೋ ಗಳಿಗೆಗೇ ಎಡಗೈನ ಮೊಣಕೈವರೆಗೆ ಚಪ್ಪಟೆಯಾಗಿ ನೆಲಕ್ಕೆ ಬಡಿದ್ರೆ ಪೆಟ್ಟೂ ಹಂಚಿಹೋಗುತ್ತೆ, ಸದ್ದೂ ಬರುತ್ತೆ. ಸದ್ದಿಲ್ಲದ ಪೆಟ್ಟು ಹಿಂದಿನ ಸಾಲಿಗೆ ಮುಟ್ಟಲ್ಲ. ಇಟಲಿಯ ಹಳೇ ಹಾಸ್ಯ ನಾಟಕದವರ ಹತ್ರ ಎರಡು ತೆಳು ಹಲಗೆ ಜೋಡಿಸಿದ ಕೋಲು ಇರ್ತಿತ್ತು. ಹೊಡೆದ್ರೆ ಹಲಗೆಗೆ ಹಲಗೆ ಬಡಿದು ಪಟಾರ್ ಅನ್ನೋದು, ಮೈಗೆ ಅಷ್ಟೇನೂ ನೋವಿಲ್ಲ. ಬಿದ್ದು, ಪೆಟ್ಟು ತಿಂದು ನಗಿಸೋ ಹಾಸ್ಯಕ್ಕೆ ಸ್ಲ್ಯಾಪ್‌ಸ್ಟಿಕ್ ಅನ್ನೋ ಹೆಸರು ಬಂದದ್ದೇ ಆ ಥರದ ಕೋಲಿನಿಂದ.

ಈ ವಾರದ ತಲೆನೋವು ಬೇರೆ. ಬೀಳೋದೇನೋ ಚೆನ್ನಾಗಿ ಬಂತು, ಆದ್ರೆ ಯಾರೂ ನಗ್ತಿಲ್ಲ. ಅಕ್ಕನ ಮಗ ಮೊಬೈಲಲ್ಲಿ ಸ್ಲೋ ಮೋಷನ್ ತೆಗೆದು ತೋರಿಸಿದ. ಕಾಲು ಜಾರೋ ಮುಂಚೆನೇ ಕಣ್ಣು ನೆಲ ನೋಡಿದೆ, ಮೊಣಕಾಲು ಬಗ್ಗಿದೆ. "ಮಾಮ, ನೀನು ಬೀಳೋಕ್ ಮುಂಚೆನೇ ಬಿದ್ದಿರ್ತೀಯ" ಅಂದ.

ಪಕ್ಕದ ಮನೆ ಅಜ್ಜ ವಯಸ್ಸಲ್ಲಿ ಯಕ್ಷಗಾನ ಮೇಳದ ಹಾಸ್ಯಗಾರರು. ಕೋಡಂಗಿ ಕುಣಿದು ಶುರು ಮಾಡಿದವರು. ಅವರದು ಇನ್ನೊಂದು ತಕರಾರು: "ಬಿದ್ದ ಮೇಲೆ ನೀನೇ ನಗ್ತೀಯಲ್ಲ ಮಾರಾಯ, ನಮಗೇನು ಉಳೀತು?"

ಮೂಕಿ ಸಿನಿಮಾದ ಹಾಸ್ಯನಟ ಬಸ್ಟರ್ ಕೀಟನ್ ಇದನ್ನ ಕಲಿತಿದ್ದು ಬಾಲ್ಯದಲ್ಲೇ. ಸ್ಟೇಜ್ ಮೇಲೆ ಅಪ್ಪ ಅವನನ್ನ ಎತ್ತಿ ಎಸೀತಿದ್ದ. ತಾನು ನಕ್ಕರೆ ಜನ ಕಡಿಮೆ ನಗ್ತಾರೆ ಅಂತ ಹುಡುಗನಿಗೆ ಆಗಲೇ ಗೊತ್ತಾಯ್ತು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಮನೆಯ ಮುಂದಿನ ಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತೆ, ಕಿಟಕಿಯ ಸಂದಿ ಅವನನ್ನ ದಾಟಿಹೋಗುತ್ತೆ. ಗೋಡೆ ನಿಜದ್ದೇ, ಆಚೀಚೆ ಇದ್ದ ಜಾಗ ಕೆಲವೇ ಇಂಚು. ನಾನು ಹತ್ತು ಸಲ ನೋಡಿದ್ದು ಗೋಡೆಯನ್ನಲ್ಲ, ಅವನ ಕತ್ತನ್ನ. ಮೇಲೆ ನೋಡೋದೇ ಇಲ್ಲ ಆಸಾಮಿ.

"ನೆಲ ನೋಡಬೇಡ" ಅಂತ ನನಗೆ ನಾನೇ ಹೇಳ್ಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗ್ತಿತ್ತು. ಕೊನೆಗೆ ಎಂಟು ಸ್ಟೀಲ್ ಲೋಟಕ್ಕೂ ಅಂಚಿನವರೆಗೆ ನೀರು ತುಂಬಿದೆ. ಒಂದು ಹನಿ ಚೆಲ್ಲಬಾರದು, ಅಷ್ಟೇ ಕೆಲಸ. ಕಣ್ಣು ಲೋಟಕ್ಕೆ ಅಂಟಿತು, ಮೊಣಕಾಲು ಮುಂಚಿತವಾಗಿ ಬಗ್ಗೋದು ನಿಂತಿತು. ಬಿದ್ದ ಮೇಲೂ ತಟ್ಟೆ ಮಟ್ಟವಾಗೇ ನಿಲ್ಲಬೇಕು, ಮಾಣಿ ಉಸಿರು ಬಿಡಬೇಕು, ಆಮೇಲೆ ಒಂದೇ ಒಂದು ಲೋಟ ನಿಧಾನಕ್ಕೆ ವಾಲಬೇಕು.

ಭಾನುವಾರ ಹದಿನಾಲ್ಕು ಸಲ ಬಿದ್ದೆ, ಸರಿಯಾಗಿದ್ದು ಮೂರು. ಕೊನೇದಕ್ಕೆ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ನನ್ನನ್ನ ದಾಟಿ ಹೋಗಿ, ಲೋಟ ಒಂದೊಂದೇ ಎತ್ತಿ ತಿರುಗಿಸಿ, ನೆಗ್ಗಿದೆಯಾ ಅಂತ ನೋಡಿದಳು. ಅಜ್ಜ ಆಗ ನಕ್ಕರು.