ಮಣ್ಣಿನ ಬ್ಲಾಕು: ಊಟ ಆದ ಮೇಲಿನ ಸಾಲು ಯಾಕೆ ಉದುರುತ್ತಿತ್ತು

ಸಿಕ್ಕಿತು! ಮನೆಗೆ ಅಂತ ನಾವೇ ಒತ್ತುತ್ತಿರುವ ಮಣ್ಣಿನ ಬ್ಲಾಕುಗಳನ್ನು ಉದುರಿಸಿ, ಏಳು ಶನಿವಾರ ನಮ್ಮನ್ನು ಕಾಡಿದ ತಪ್ಪು ಕೊನೆಗೂ ಸಿಕ್ಕಿತು. ನಿನ್ನೆ ಸಂಜೆ 15 ಬ್ಲಾಕುಗಳನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿಟ್ಟಿದ್ದೆವು. ಇವತ್ತು ಬೆಳಿಗ್ಗೆ ಒಂದೊಂದನ್ನೇ ಎತ್ತಿ, ಅಂಚಿನ ಮೇಲೆ ಮೊಳೆಯಿಂದ ಜೋರಾಗಿ ಗೀರಿದೆ. ಕೂದಲೆಳೆಯಷ್ಟು ಗೆರೆ ಬಿತ್ತು, ಅಷ್ಟೇ. ಹೋದ ತಿಂಗಳು ಇದೇ ಮೊಳೆ ಮೈಸೂರು ಪಾಕಿಗೆ ಚಾಕು ಹಾಕಿದ ಹಾಗೆ ಒಳಗೆ ಇಳಿಯುತ್ತಿತ್ತು. ಅಲ್ಲೇ ನಿಂತು ದೇವರಿಗೆ ಸ್ತೋತ್ರ ಹೇಳಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಬೆಂಗಳೂರಿನ ಹೊರಗೆ, ಜಿಗಣಿ ದಾಟಿ ಆನೇಕಲ್ ಕಡೆ ಹೋಗುವ ದಾರಿಯಲ್ಲಿ, ನಮ್ಮ ಚರ್ಚಿನ ಸಭೆಯ ಯುವಜನರು ಸೇರಿ ಒಂದು ಮನೆ ಕಟ್ಟುತ್ತಿದ್ದೇವೆ. 300 ಚದರಡಿ. ಸೈಜುಗಲ್ಲಿನ ಪಾಯ, ಪ್ಲಿಂತ್ ಎಲ್ಲ ಡಿಸೆಂಬರಿನಲ್ಲೇ ಮುಗಿಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ನೀವೆಲ್ಲ ಮಾಡಿರುವುದೇ. ಮೇ ಮೂರನೇ ವಾರ ನಮ್ಮ ಮಿಷನ್ ಟ್ರಿಪ್. ಕೋಲಾರ ಮತ್ತು ಮೈಸೂರಿನ ಸಭೆಗಳಿಂದಲೂ ಹುಡುಗ ಹುಡುಗಿಯರು ಬರುತ್ತಾರೆ. ಒಟ್ಟು 22 ಜನ, ಒಂದು ವಾರ, ಗೋಡೆ ಏರಿಸಬೇಕು. ಅಷ್ಟರೊಳಗೆ 2,600 ಮಣ್ಣಿನ ಬ್ಲಾಕು ಒಣಗಿ, ಗಟ್ಟಿಯಾಗಿ, ಸೈಟಿನಲ್ಲಿ ಸಾಲಾಗಿ ಕೂತಿರಬೇಕು. ಜೂನ್ ಬಂದರೆ ಮಳೆ. ಹಾಗಾಗಿ ಜನವರಿ ಎರಡನೇ ಶನಿವಾರದಿಂದ ಕೈ ಪ್ರೆಸ್ ಇಟ್ಟುಕೊಂಡು ನಾವೇ ಒತ್ತುತ್ತಿದ್ದೇವೆ.

ಸುಟ್ಟ ಇಟ್ಟಿಗೆ ಯಾಕೆ ತರಲಿಲ್ಲ ಅಂತ ಬಹಳ ಜನ ಕೇಳಿದರು. ಕಾರಣ ಸರಳ. ಈ ಬ್ಲಾಕಿಗೆ ಭಟ್ಟಿ ಬೇಡ, ಸೌದೆ ಬೇಡ. ಮಣ್ಣು, ಮರಳು, ಸುಮಾರು 7 ಪರ್ಸೆಂಟ್ ಸಿಮೆಂಟ್, ಜೊತೆಗೆ ತೋಳಿನ ಬಲ ಇದ್ದರೆ ಸಾಕು. ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು ನಮ್ಮ ಊರಿನಲ್ಲೇ ಇದ್ದಾರೆ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಗಳಿಗೆ ಹೊಂದುವ ಕೈ ಪ್ರೆಸ್ಸು, ಮಣ್ಣಿನ ಲೆಕ್ಕ ಎಲ್ಲವನ್ನೂ ಕೂತು ಬಿಡಿಸಿದರು. ನಾವು ಒತ್ತುವ 230 × 190 × 100 ಮಿಲಿಮೀಟರ್ ಬ್ಲಾಕಿನ ಅಳತೆಯೂ ಅವರದ್ದೇ ದಾರಿ. ಇದಕ್ಕೆ ವಿಶೇಷ ವಿದ್ಯೆಯೇನೂ ಬೇಕಿಲ್ಲ. ಶನಿವಾರ ಮಾತ್ರ ಬಿಡುವಿರುವ ನಮ್ಮಂಥವರಿಗೆ ಇದೇ ಸರಿ.

ಈಗ ತೊಂದರೆಗೆ ಬರುತ್ತೇನೆ.

ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. 21 ದಿನ ನೀರು ಹಾಕಿ, ಗೋಣಿಚೀಲ ಹೊದಿಸಿ ಇಡಬೇಕಲ್ಲ. ನಾಲ್ಕನೇ ವಾರ ಮೊದಲ ಸಾಲು ಎತ್ತಿದಾಗ ಕೈಯಲ್ಲೇ ಮೂಲೆ ಕಿತ್ತು ಬಂತು. ಪಕ್ಕದ ಬ್ಲಾಕು ಕಲ್ಲಿನ ಹಾಗಿದೆ, ಇದು ರೊಟ್ಟಿಯ ಹಾಗೆ ಮುರಿಯುತ್ತದೆ. ಮಣ್ಣು ಅದೇ, ಸಿಮೆಂಟ್ ಅದೇ, ಪ್ರೆಸ್ ಅದೇ.

ಮೊದಲ ಅನುಮಾನ ಮಣ್ಣಿನ ಮೇಲೆ. ಅದಕ್ಕೆ ಕಾರಣವೂ ಇತ್ತು. ಮಣ್ಣಿನ ಸಪ್ಲೈಯರ್‌ಗೆ ನಾನು ಹೇಳಿದ್ದು ಪಾಯ ತೋಡಿದ ಕೆಮ್ಮಣ್ಣು ಬೇಕು ಅಂತ. ಮೊದಲ ಟಿಪ್ಪರ್ ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ಬಂದದ್ದು ಕೆರೆಯ ಗೋಡು, ಒಡೆದ ಟೈಲ್ಸು, ಒಂದು ಕಾಲಿನ ಹವಾಯಿ ಚಪ್ಪಲಿ. ಫೋನ್ ಮಾಡಿದರೆ "ಮಣ್ಣು ಅಂದ್ಮೇಲೆ ಮಣ್ಣೇ ಅಲ್ವಾ ಸಾರ್" ಅಂದರು! ಎಂ ಸ್ಯಾಂಡಿನವರದು, ಅಂದರೆ ಕಲ್ಲು ಪುಡಿ ಮಾಡಿದ ಮರಳು ಮಾರುವವರದು, ಇನ್ನೊಂದು ಕತೆ. ಲೋಡಿನ ಲೆಕ್ಕ ಟೇಪ್ ಹಿಡಿದು ಅಳೆದರೆ ಎರಡು ಸಲವೂ ಕಾಲು ಭಾಗ ಕಮ್ಮಿ. ಈ ದುಡ್ಡು ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದದ್ದು. ಒಂದು ಕುಂಬಳಕಾಯಿಯನ್ನು ನಮ್ಮ ಸಭೆಯವರು ಮೂರು ಸಲ ಕೊಂಡು ಮೂರು ಸಲ ವಾಪಸ್ ಕೊಟ್ಟು ಕೂಡಿಸಿದ ದುಡ್ಡು. ಅದರಲ್ಲಿ ಕಾಲು ಟ್ರ್ಯಾಕ್ಟರ್ ಮರಳು ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ. ಈಗ ಟೇಪ್ ಹಿಡಿಯದೆ ಯಾವ ಗಾಡಿಯನ್ನೂ ಇಳಿಸಲು ಬಿಡುವುದಿಲ್ಲ.

ಬಾಟಲಿ ಪರೀಕ್ಷೆ ಮಾಡಿದೆವು. ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ, ರಾತ್ರಿಯಿಡೀ ಬಿಟ್ಟರೆ ಮರಳು ತಳಕ್ಕೆ, ನುಣ್ಣನೆ ಜೇಡಿ ಮೇಲಕ್ಕೆ. ಎರಡನೇ ಲೋಡಿನಲ್ಲಿ ಜೇಡಿ ವಿಪರೀತ. ಅದನ್ನು ಪೂರ್ತಿ ಬದಿಗೆ ಹಾಕಿ, ಮೊದಲ ಲೋಡಿನ ಕೆಮ್ಮಣ್ಣಿಗೆ ಇನ್ನಷ್ಟು ಎಂ ಸ್ಯಾಂಡ್ ಸೇರಿಸಿ, ಮೂರರಲ್ಲಿ ಎರಡು ಪಾಲು ಮರಳು ಬರುವ ಹಾಗೆ ಹದ ಮಾಡಿದೆವು. ನೀರಿನ ಹದವನ್ನೂ ಹಿಡಿದೆವು. ಉಂಡೆ ಕಟ್ಟಿ ಸೊಂಟದ ಮಟ್ಟದಿಂದ ಬಿಟ್ಟರೆ ನಾಲ್ಕೈದು ಚೂರಾಗಬೇಕು. ಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾದರೆ ಜಾಸ್ತಿ.

ಎಲ್ಲ ಸರಿ ಮಾಡಿದ ಮೇಲೂ ಉದುರಿತು. ಅರ್ಧಕ್ಕರ್ಧ ಉದುರಿತು. ಮೇಸ್ತ್ರಿ ಕೈ ಚೆಲ್ಲಿ, "ಸುಮ್ನೆ ಸಾಲಿಡ್ ಬ್ಲಾಕ್ ತಂದುಬಿಡಿ ಸಾರ್" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೇ ತಿಂಗಳಿಗೆ 22 ಜನ ಬರುತ್ತಾರೆ. ಅವರ ಕೈಗೆ ಏನು ಕೊಡುವುದು?

ಗುಟ್ಟು ಬಿಡಿಸಿದ್ದು ಅಕ್ಕ, ಅಂದರೆ ಮನೆ ಯಾರಿಗೋ ಅವರೇ. ಪಿಜಿಯೊಂದರಲ್ಲಿ ಅಡುಗೆ ಮಾಡುತ್ತಾರೆ. ಇಬ್ಬರು ಮಕ್ಕಳು. ಮನೆಯವರೂ ನಮ್ಮ ಜೊತೆ ಕೈ ಹಾಕಬೇಕು ಅನ್ನುವುದು ನಮ್ಮ ನಿಯಮ. ಇದು ನಾವು ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯಿಂದ ಕಲಿತದ್ದು. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಕ್ರೈಸ್ತ ಸೇವೆಯಾಗಿ ಶುರು ಮಾಡಿದ ಸಂಸ್ಥೆ ಅದು. 1983ರಲ್ಲಿ ಭಾರತಕ್ಕೂ ಬಂತು. ಮನೆ ಪಡೆಯುವವರ ಬೆವರೂ ಗೋಡೆಯಲ್ಲಿ ಇರಬೇಕು ಅನ್ನುವುದು ಅವರ ಪದ್ಧತಿ. ನಮ್ಮಲ್ಲಿ ಕೆಲವರಿಗೆ ಇದು ಸರಿ ಕಾಣಲಿಲ್ಲ. ದಿನವಿಡೀ ದುಡಿಯುವ ಹೆಂಗಸಿಗೆ ಇನ್ನೂ ಕೆಲಸ ಹೇಳಬೇಕಾ ಅಂದರು. ಆದರೆ ಅಕ್ಕ ತಾವಾಗಿಯೇ ಕ್ಯೂರಿಂಗ್, ಅಂದರೆ ಬ್ಲಾಕು ಗಟ್ಟಿಯಾಗಲು ನೀರು ಹಾಕುವ ಕೆಲಸ, ವಹಿಸಿಕೊಂಡರು. ದಿನಕ್ಕೆ ಎರಡು ಸಲ ಪ್ರತಿ ಸಾಲಿಗೂ ನೀರು ಹಾಕಿದವರು ಅವರೊಬ್ಬರೇ. ಹಾಗಾಗಿ ಯಾವ ಸಾಲು ಹೇಗಿದೆ ಅಂತ ಕೈಗೆ ಗೊತ್ತಿದ್ದದ್ದೂ ಅವರಿಗೇ.

ಏಳನೇ ಶನಿವಾರ ನಾವು ಉದುರಿದ ಬ್ಲಾಕುಗಳ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಕೊಡ ಕೆಳಗಿಟ್ಟು ಹೇಳಿದರು: "ಅಣ್ಣಾ, ಒಂದ್ ಮಾತು ಹೇಳ್ಲಾ? ಬೆಳಿಗ್ಗೆ ಮೊದಲು ಒತ್ತಿದ ಸಾಲು ಗಟ್ಟಿ ಇರುತ್ತೆ. ಟೀ ಆದ್ಮೇಲಿಂದು ಸುಮಾರು. ಊಟ ಆದ್ಮೇಲಿಂದು ಅಷ್ಟೂ ಪುಡಿ. ಮುದ್ದೆ ಹಿಟ್ಟು ಬೆಂದ ತಕ್ಷಣ ತಿರುವಿ ಕಟ್ಟಬೇಕು. ಆರೋಕ್ ಬಿಟ್ಟು ಆಮೇಲ್ ಕಟ್ಟಿದ್ರೆ ಬಿರಿಯುತ್ತೆ. ಇದೂ ಹಂಗೇನಾ?"

ಎಲ್ಲರೂ ಸುಮ್ಮನಾದರು. ನಾನು ಸೀಮೆಸುಣ್ಣ ತಂದೆ.

ನಾವು ಮಾಡುತ್ತಿದ್ದದ್ದು ಹೀಗೆ. ಲೆಕ್ಕ ಸುಲಭ ಆಗಲಿ ಅಂತ ಒಂದು ಸಲಕ್ಕೆ ಒಂದು ಮೂಟೆ ಸಿಮೆಂಟ್, 50 ಕಿಲೋ, ಪೂರ್ತಿ ಕಲಸುವುದು. ಅದಕ್ಕೆ 90 ಬ್ಲಾಕು. ನಮ್ಮ ಹುಡುಗರ ವೇಗ ಗಂಟೆಗೆ 45. ಅಂದರೆ ಕೊನೆಯ ಬ್ಲಾಕು ಒತ್ತುವ ಹೊತ್ತಿಗೆ ಸಿಮೆಂಟಿಗೆ ನೀರು ತಾಗಿ ಎರಡು ಗಂಟೆ ಆಗಿರುತ್ತದೆ. ಮಧ್ಯಾಹ್ನದ್ದು ಇನ್ನೂ ಮೋಸ. ಊಟ ಆದ ತಕ್ಷಣ ಶುರು ಮಾಡೋಣ ಅಂತ ಊಟಕ್ಕೆ ಮೊದಲೇ ಕಲಸಿ, ಒದ್ದೆ ಗೋಣಿ ಮುಚ್ಚಿ, ಪ್ರಾರ್ಥನೆ ಮಾಡಿ, ಊಟ ಮಾಡಿ, ಎರಡು ಹಾಡು ಹಾಡಿ ಬರುತ್ತಿದ್ದೆವು. ನೀರು ಬಿದ್ದ 30 ನಿಮಿಷಕ್ಕಿಂತ ಮೊದಲು ಸಿಮೆಂಟ್ ಬಿಗಿಯಲು ಶುರುವಾಗಬಾರದು ಅನ್ನುವುದು ಭಾರತೀಯ ಮಾನದಂಡ (ಐಎಸ್) ಇಟ್ಟಿರುವ ಕನಿಷ್ಠ ಮಿತಿ. ಬಿಗಿಯಲು ಶುರುವಾದ ಮೇಲೆ ಒತ್ತಿದರೆ ಅದು ಆಗಲೇ ಹಿಡಿದುಕೊಂಡ ಹಿಡಿತವನ್ನು ನಾವೇ ಬಿಡಿಸಿದಂತೆ. ಮತ್ತೆ ಕೂಡುವುದಿಲ್ಲ.

ಇದರ ಜೊತೆಗೆ ಇನ್ನೊಂದು ಹೊರಬಂತು. ಅದನ್ನು ನಾನು ಊಹಿಸಿಯೇ ಇರಲಿಲ್ಲ. ತಕ್ಕಡಿ ತಂದು ಬ್ಲಾಕು ಹೊರಬಂದ ಕೂಡಲೇ ತೂಗಿದೆ. ಮೊದಲ ಸಾಲು 8.7 ಕಿಲೋ. ಕೊನೆಯ ಸಾಲು 8.1. ಮಣ್ಣು ಬಿಗಿದಂತೆಲ್ಲ ಪ್ರೆಸ್ಸಿನ ಹಿಡಿ ಕೆಳಗಿಳಿಯುವುದಿಲ್ಲ. ದಣಿದ ಹುಡುಗರು ಹಿಡಿ ಇಳಿಯಲಿ ಅಂತ ಪಾಪ ಒಂದು ಬೊಗಸೆ ಮಣ್ಣು ಕಮ್ಮಿ ಹಾಕುತ್ತಿದ್ದರು. ಸಿಮೆಂಟೂ ಸತ್ತಿದೆ, ಮಣ್ಣೂ ಕಮ್ಮಿ. ಉದುರದೆ ಇನ್ನೇನು?

ಎಂಟನೇ ಶನಿವಾರದಿಂದ ಹೊಸ ಪದ್ಧತಿ. ಮಣ್ಣು ಮರಳು ಸೇರಿ 110 ಕಿಲೋ, ಸಿಮೆಂಟ್ 8 ಕಿಲೋ, 15 ಬ್ಲಾಕು, 20 ನಿಮಿಷ. ಪ್ರತಿ ಬ್ಲಾಕಿಗೂ ಮಣ್ಣು ತೂಗಿಯೇ ಹಾಕುವುದು. ನೀರು ಬಿದ್ದ ಕ್ಷಣ ಒಬ್ಬಳು ಮೊಬೈಲಿನಲ್ಲಿ ಟೈಮರ್ ಒತ್ತುತ್ತಾಳೆ. ಅದು ಕೂಗುವ ಮೊದಲು ಬಾಂಡಲಿ ಖಾಲಿ ಆಗಬೇಕು. ಪಾಸ್ಟರು ನಗುತ್ತಾ, "ಇನ್ನು ಮೇಲೆ ಆಮೆನ್ ಆದ ಮೇಲೇ ನೀರು" ಅಂತ ಘೋಷಿಸಿದರು. ಅದನ್ನೇ ಹುಡುಗರು ಡ್ರಮ್ಮಿನ ಮೇಲೆ ಪೇಂಟಿನಲ್ಲಿ ಬರೆದುಬಿಟ್ಟಿದ್ದಾರೆ.

ಇವತ್ತು ಮೊಳೆಯಿಂದ ಗೀರಿದ 15 ಬ್ಲಾಕು ಆ ಎಂಟನೇ ಶನಿವಾರದ್ದು. ಬೇಕೆಂದೇ ಊಟ ಆದ ಮೇಲಿನ ಸಾಲಿನಿಂದ ಆರಿಸಿದ್ದು.

ಲೆಕ್ಕ ಹೀಗಿದೆ. ಹಳೆಯ 1,260ರಲ್ಲಿ ಉಳಿದದ್ದು 520. ಬಾಕಿ 740 ನೆಲದ ಫಿಲ್ಲಿಂಗಿಗೆ ಹೋಗುತ್ತವೆ, ಎಂಟು ಮೂಟೆ ಸಿಮೆಂಟ್ ಅದರೊಳಗಿದೆ. ಹೊಸ ಪದ್ಧತಿಯಲ್ಲಿ ನಾಲ್ಕು ಶನಿವಾರಕ್ಕೆ 885. ಇನ್ನು 1,195 ಬೇಕು. ಇನ್ನೊಂದು ಪ್ರೆಸ್ ಬಾಡಿಗೆಗೆ ಸಿಕ್ಕಿದೆ. ಮೂರು ಶನಿವಾರ ಸಾಕು. ಆಮೇಲೆ 21 ದಿನ ನೀರು. ಸರಿಯಾಗಿ ಮೇ ತಿಂಗಳಿಗೆ ಕೂರುತ್ತದೆ.

ಈಗ ನನ್ನ ತಲೆ ತುಂಬಾ ಇರುವುದು ಸೂರು. ಫಿಲ್ಲರ್ ಸ್ಲ್ಯಾಬ್ ಹಾಕೋಣ ಅಂತಿದ್ದೇನೆ. ಸ್ಲ್ಯಾಬಿನ ಕೆಳಭಾಗದ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟ್ ಸುಮ್ನೆ ಭಾರ. ಆ ಜಾಗದಲ್ಲಿ ಕಂಬಿಗಳ ನಡುವೆ ಹಳೆ ಹೆಂಚು ಕೂರಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಬೇಸಿಗೆಯಲ್ಲಿ ಕೆಳಗೆ ಸ್ವಲ್ಪ ತಂಪೂ ಇರುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದರು. ಅವರೂ ಈ ದೇಶಕ್ಕೆ ಬಂದದ್ದು ಕುಷ್ಠರೋಗಿಗಳ ಸೇವೆಯ ಮಿಷನ್ ಜೊತೆಗೆ. ಹೆಂಚಿನ ಕತೆಯೂ ಮಿಷನ್ನಿಗೇ ಬಂದು ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೋದ ವಾರ ಬಸವನಗುಡಿಯಲ್ಲಿ ಕೆಡವುತ್ತಿದ್ದ ಒಂದು ಹಳೆ ಮನೆಯಿಂದ 40 ಹೆಂಚು ತಂದೆ. ತೊಳೆಯುತ್ತಿದ್ದಾಗ ಒಂದರ ಮೇಲೆ ಬಾಸೆಲ್ ಮಿಷನ್ನಿನ ಅಚ್ಚು ಕಾಣಿಸಿತು. ಅದನ್ನು ಅಕ್ಕನ ಅಡುಗೆಮನೆಯ ಮೇಲೆ, ಅಚ್ಚು ಕೆಳಗೆ ಕಾಣುವ ಹಾಗೆ ಕೂರಿಸಬೇಕು ಅಂತ ಗುರುತು ಹಾಕಿಟ್ಟಿದ್ದೇನೆ.

ಒಟ್ಟು 300 ಹೆಂಚಾದರೂ ಬೇಕು. ಬಿರುಕು ಇರಬಾರದು, ಪಾಚಿ ಇದ್ದರೆ ಪರವಾಗಿಲ್ಲ, ತೊಳೆಯುತ್ತೇವೆ. ಚಾಮರಾಜಪೇಟೆ, ಮಲ್ಲೇಶ್ವರ, ಫ್ರೇಜರ್ ಟೌನ್ ಕಡೆ ಯಾರಾದರೂ ಹೆಂಚಿನ ಮನೆ ಕೆಡವುತ್ತಿದ್ದರೆ ತಿಳಿಸಿ. ಗಾಡಿ ನಮ್ಮದೇ ಬರುತ್ತದೆ. ಶನಿವಾರ ಮಾತ್ರ ಬೇಡ, ಅವತ್ತು ಟೈಮರ್ ಓಡುತ್ತಿರುತ್ತದೆ.